ಅಲರ್ಜಿ ಅಸ್ತಮಾ: ಪಂಪು, ಮಾತ್ರೆ, ಅಲರ್ಜಿ ಇಂಜೆಕ್ಷನ್, ಬಯಾಲಜಿಕ್‌ಗಳಲ್ಲಿ ನಿಮಗೆ ಯಾವುದು?

ಅಸ್ತಮಾ ಇರುವವರ ಮನೆಯಲ್ಲಿ ಕೇಳಿಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ‘ಒಬ್ಬ ಡಾಕ್ಟ್ರು ಪಂಪು (ಇನ್‌ಹೇಲರ್) ಬರೆದುಕೊಟ್ಟರು, ಇನ್ನೊಬ್ಬರು ರಾತ್ರಿ ಒಂದು ಮಾತ್ರೆ ಸಾಕು ಅಂದರು. ಯಾರ ಮಾತು ಕೇಳೋದು?’ ‘ಅಲರ್ಜಿ ಟೆಸ್ಟ್ ಮಾಡಿಸಿ ಮೂರು ವರ್ಷ ಇಂಜೆಕ್ಷನ್ ತಗೊಂಡರೆ ಬುಡಸಮೇತ ಹೋಗುತ್ತಂತೆ, ಹೌದಾ?’ ‘ಬಯಾಲಜಿಕ್ ಅಂತ ಹೊಸದು ಬಂದಿದೆಯಂತೆ, ತಿಂಗಳಿಗೆ ಹತ್ತಾರು ಸಾವಿರ. ಸಾಲ ಮಾಡಿಯಾದರೂ ಕೊಡಿಸಬೇಕಾ?’

ಈ ಪ್ರಶ್ನೆಗಳಿಗೆ ಬೆಲೆ ನೋಡಿಯೋ, ಯಾವುದು ಹೊಸದು ಅಂತ ನೋಡಿಯೋ ಉತ್ತರ ಹುಡುಕಿದರೆ ದಾರಿ ತಪ್ಪುತ್ತದೆ. ಅಲರ್ಜಿ ಅಸ್ತಮಾದಲ್ಲಿ ಶ್ವಾಸನಾಳ ಊದಿಕೊಳ್ಳಲು ನಮ್ಮದೇ ದೇಹದ ರಕ್ಷಣಾ ಕಣಗಳು (ಜೀವಕೋಶಗಳು) ಕಾರಣ. ಆ ಕಣಗಳಲ್ಲಿ ಹಲವು ಬಗೆ ಇವೆ. ಒಂದೊಂದು ಔಷಧಿಯೂ ಒಂದೊಂದು ಕಡೆ ಕೈಹಾಕುತ್ತದೆ. ನಿಮ್ಮಲ್ಲಿ ಯಾವ ಕಣದ ಆಟ ಜಾಸ್ತಿ ಎಂದು ಗೊತ್ತಾದರೆ ಆಯ್ಕೆ ಎಷ್ಟೋ ಸುಲಭ. ಹಾಗಾಗಿ ಮೊದಲು ಕಣಗಳು, ಆಮೇಲೆ ಔಷಧಿ.

ಒಳಗೆ ಏನಾಗುತ್ತದೆ

ಹಾಸಿಗೆ, ದಿಂಬಿನಲ್ಲಿರುವ ಧೂಳುಹುಳವನ್ನೇ ತೆಗೆದುಕೊಳ್ಳಿ. ಬರಿಗಣ್ಣಿಗೆ ಕಾಣುವುದಿಲ್ಲ. ಅದರ ಹಿಕ್ಕೆ ಧೂಳಿನ ಜೊತೆ ಉಸಿರಿಗೆ ಸೇರುತ್ತದೆ. ಶ್ವಾಸನಾಳದ ಒಳಪದರದಲ್ಲಿ ಡೆಂಡ್ರಿಟಿಕ್ ಕಣಗಳಿವೆ. ಒಳಗೆ ಬಂದದ್ದನ್ನು ಹಿಡಿದು, ಚೂರು ಮಾಡಿ, ಹತ್ತಿರದ ದುಗ್ಧಗ್ರಂಥಿಗೆ ಒಯ್ದು ಟಿ ಕಣಗಳಿಗೆ ತೋರಿಸುವುದು ಅವುಗಳ ಕೆಲಸ. ಹೆಚ್ಚಿನವರಲ್ಲಿ ಟಿ ಕಣಗಳು ಇದನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಅಲರ್ಜಿ ಇರುವವರಲ್ಲಿ ಮಾತ್ರ ಅವು ಟಿಎಚ್2 ಎಂಬ ಬಗೆಯ ಕಣಗಳಾಗಿ ಮಾರ್ಪಡುತ್ತವೆ. ತೊಂದರೆಯ ಮೂಲ ಇದೇ.

ಟಿಎಚ್2 ಕಣಗಳು ಹೊರಬಿಡುವ ರಾಸಾಯನಿಕಗಳಲ್ಲಿ ಮೂರು ಮುಖ್ಯ: ಐಎಲ್-4, ಐಎಲ್-5, ಐಎಲ್-13. ಈ ಹೆಸರುಗಳು ನೆನಪಿರಲಿ, ದುಬಾರಿ ಇಂಜೆಕ್ಷನ್‌ಗಳ ವಿಷಯ ಬಂದಾಗ ಬೇಕಾಗುತ್ತವೆ. ಐಎಲ್-4 ತಾಗಿದ ಬಿ ಕಣಗಳು ಐಜಿಇ ಎಂಬ ಪ್ರತಿಕಾಯವನ್ನು ತಯಾರಿಸುತ್ತವೆ. ಐಎಲ್-5 ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳನ್ನು ಮೂಳೆಮಜ್ಜೆಯಲ್ಲಿ ಬೆಳೆಸುತ್ತದೆ, ಅವು ಬೇಗ ಸಾಯದಂತೆಯೂ ನೋಡಿಕೊಳ್ಳುತ್ತದೆ. ಐಎಲ್-13 ಕಫ ಹೆಚ್ಚಿಸುತ್ತದೆ, ಜೊತೆಗೆ ಶ್ವಾಸನಾಳದ ಸ್ನಾಯು ಸಣ್ಣ ಕಾರಣಕ್ಕೂ ಬಿಗಿಯುವಂತೆ ಮಾಡುತ್ತದೆ.

ಐಜಿಇ ಹೋಗಿ ಶ್ವಾಸನಾಳದ ಗೋಡೆಯಲ್ಲಿರುವ ಮಾಸ್ಟ್ ಕಣಗಳ ಮೈಮೇಲೆ ಕೂರುತ್ತದೆ. ಈ ಐಜಿಇಯನ್ನು 1960ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಇಶಿಝಾಕಾ ದಂಪತಿ ಒಂದು ಕಡೆ, ಸ್ವೀಡನ್ನಿನಲ್ಲಿ ಯೊಹಾನ್ಸನ್ ಮತ್ತು ಬೆನ್ನಿಕ್ ಇನ್ನೊಂದು ಕಡೆ ಕಂಡುಹಿಡಿದರು. ಅಲ್ಲಿಯವರೆಗೆ ಅಲರ್ಜಿ ಇರುವವರ ರಕ್ತದಲ್ಲಿ ಏನೋ ಒಂದಿದೆ ಎಂದಷ್ಟೇ ತಿಳಿದಿತ್ತು. ಐಜಿಇ ಹೊತ್ತ ಮಾಸ್ಟ್ ಕಣಕ್ಕೆ ಮುಂದಿನ ಸಲ ಅದೇ ಧೂಳು ತಾಗಿದರೆ ಸಾಕು, ಕೆಲವೇ ನಿಮಿಷಗಳಲ್ಲಿ ತನ್ನೊಳಗಿನ ಹಿಸ್ಟಮಿನ್ ಸುರಿಯುತ್ತದೆ, ಲ್ಯೂಕೋಟ್ರಿಯೀನ್‌ಗಳೆಂಬ ರಾಸಾಯನಿಕಗಳನ್ನೂ ತಯಾರಿಸಿ ಹೊರಬಿಡುತ್ತದೆ. ಸ್ನಾಯು ಬಿಗಿಯುತ್ತದೆ, ಎದೆಯಲ್ಲಿ ಸುಂಯ್ ಎಂಬ ಸದ್ದು ಶುರುವಾಗುತ್ತದೆ. ಇದು ಮೊದಲ ಸುತ್ತು.

ಒಂದೆರಡು ಗಂಟೆಯಲ್ಲಿ ಅದು ತಗ್ಗುತ್ತದೆ. ಆದರೆ ಹಲವರಲ್ಲಿ 4ರಿಂದ 8 ಗಂಟೆಯ ನಂತರ ಎರಡನೇ ಸುತ್ತು ಬರುತ್ತದೆ. ಅಷ್ಟು ಹೊತ್ತಿಗೆ ಇಯೊಸಿನೊಫಿಲ್‌ಗಳು, ಟಿಎಚ್2 ಕಣಗಳು ರಕ್ತದಿಂದ ಶ್ವಾಸನಾಳಕ್ಕೆ ಬಂದು ಸೇರಿರುತ್ತವೆ. ಸಂಜೆ ಹಳೇ ಹಾಸಿಗೆ ಕೊಡವಿದವರಿಗೆ ನಡುರಾತ್ರಿ ಮತ್ತೆ ಕೆಮ್ಮು, ಉಬ್ಬಸ ಬರಲು ಇದೂ ಒಂದು ಕಾರಣ. ಇಯೊಸಿನೊಫಿಲ್ ಒಳಗೆ ಹುಳುಗಳನ್ನು ಕೊಲ್ಲಬಲ್ಲ ಪ್ರೋಟೀನುಗಳಿವೆ. ಹುಳುವಿಲ್ಲದ ಜಾಗದಲ್ಲಿ ಅವು ಸುರಿದರೆ ನಮ್ಮದೇ ಶ್ವಾಸನಾಳದ ಒಳಪದರ ಕಿತ್ತುಬರುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಗೋಡೆ ದಪ್ಪವಾಗಿ, ಔಷಧಿ ಕೊಟ್ಟರೂ ಪೂರ್ತಿ ಹಿಗ್ಗದ ಸ್ಥಿತಿಗೆ ಬರಬಹುದು.

ಇನ್ನೆರಡು ಕಣಗಳನ್ನು ಹೇಳಲೇಬೇಕು. ಐಎಲ್‌ಸಿ2 ಎಂಬ ಕಣಕ್ಕೆ ಅಲರ್ಜಿಯ ಗುರುತೇ ಬೇಕಾಗಿಲ್ಲ. ವೈರಸ್, ಹೊಗೆ, ಧೂಳಿನಿಂದ ಶ್ವಾಸನಾಳದ ಒಳಪದರಕ್ಕೆ ಪೆಟ್ಟಾದಾಗ ಅಲ್ಲಿಂದ ಟಿಎಸ್‌ಎಲ್‌ಪಿ, ಐಎಲ್-33 ಎಂಬ ಎಚ್ಚರಿಕೆಯ ರಾಸಾಯನಿಕಗಳು ಹೊರಡುತ್ತವೆ. ಅವು ತಾಗಿದರೆ ಐಎಲ್‌ಸಿ2 ನೇರವಾಗಿ ಐಎಲ್-5, ಐಎಲ್-13 ಬಿಡುತ್ತದೆ. ಇನ್ನೊಂದು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ. ಬೀಡಿ ಸಿಗರೇಟು ಸೇದುವವರಲ್ಲಿ, ಕೆಲವು ತೀವ್ರ ಅಸ್ತಮಾದವರಲ್ಲಿ ಇದರದೇ ಮೇಲುಗೈ. ಊತ ಇಳಿಸುವ ಸ್ಟೀರಾಯ್ಡ್ ಔಷಧಿಗೆ ಇದು ಅಷ್ಟು ಸುಲಭವಾಗಿ ಬಗ್ಗುವುದಿಲ್ಲ.

ಅಳೆಯುವುದು ಹೇಗೆ

ಯಾವ ಆಯ್ಕೆ ಎದುರಿಗೆ ಬಂದರೂ ಈ ಪ್ರಶ್ನೆಗಳನ್ನು ಹಾಕಿ. ಇದು ಯಾವ ಕಣವನ್ನು ತಡೆಯುತ್ತದೆ, ಅಥವಾ ಯಾವ ಕಣವನ್ನೂ ಮುಟ್ಟದೆ ಬರೀ ಸ್ನಾಯು ಸಡಿಲಿಸುತ್ತದಾ? ಮುಂದಿನ ಅಟ್ಯಾಕ್ ತಪ್ಪಿಸುತ್ತದಾ, ಈಗಿನ ಕಷ್ಟ ಕಳೆಯುತ್ತದಾ? ಎಷ್ಟು ದಿನಕ್ಕೆ ಗುಣ ಕಾಣುತ್ತದೆ, ಬಿಟ್ಟರೆ ಏನಾಗುತ್ತದೆ? ಅಪಾಯ ಏನು?

ಖರ್ಚನ್ನು ತಿಂಗಳ ಲೆಕ್ಕದಲ್ಲಿ ನೋಡಬೇಡಿ, ವರ್ಷದ ಲೆಕ್ಕದಲ್ಲಿ ನೋಡಿ. ರಾತ್ರೋರಾತ್ರಿ ಆಸ್ಪತ್ರೆಗೆ ಓಡಿದ್ದು, ನೆಬುಲೈಸೇಶನ್, ಅಡ್ಮಿಟ್ ಆದದ್ದು, ಕಳೆದುಕೊಂಡ ಕೂಲಿ, ಮಗುವಿನ ಶಾಲೆ ತಪ್ಪಿದ್ದು ಎಲ್ಲ ಸೇರಲಿ. ಕೊನೆಯದು ಬಹಳ ಮುಖ್ಯ: ಇದನ್ನು ನೀವು ನಿಜವಾಗಿ ಬಿಡದೆ ತಗೊಳ್ಳುತ್ತೀರಾ?

ನಿಮ್ಮ ಕಣಗಳ ಬಗ್ಗೆ ತಿಳಿಯಲು ದುಬಾರಿ ಟೆಸ್ಟ್‌ಗಳೇ ಬೇಕು ಅಂತೇನಿಲ್ಲ. ಮೊದಲು ಸ್ಪೈರೋಮೆಟ್ರಿ (ಕೊಳವೆಯಲ್ಲಿ ಊದಿಸಿ ಉಸಿರು ಅಳೆಯುವ ಪರೀಕ್ಷೆ) ಮಾಡಿಸಿ, ಇದು ಅಸ್ತಮಾನೇ ಹೌದಾ ಎಂದು ಖಚಿತ ಮಾಡಿಕೊಳ್ಳಿ. ಆಮೇಲೆ ರಕ್ತದ ಇಯೊಸಿನೊಫಿಲ್ ಎಣಿಕೆ. ರಿಪೋರ್ಟಿನಲ್ಲಿ ಎಇಸಿ ಎಂದು ಬರೆದಿರುತ್ತಾರೆ. ಯಾವ ಊರಿನ ಲ್ಯಾಬ್‌ನಲ್ಲೂ ಆಗುವ ಅಗ್ಗದ ಪರೀಕ್ಷೆ ಇದು. ಸ್ಟೀರಾಯ್ಡ್ ಮಾತ್ರೆ ತಗೊಂಡಿದ್ದರೆ ಎಣಿಕೆ ಇಳಿದಿರುತ್ತದೆ, ಆದ್ದರಿಂದ ಮಾತ್ರೆಗೆ ಮುಂಚೆ ಮಾಡಿಸಿದ್ದೇ ಲೆಕ್ಕಕ್ಕೆ. ಅಲರ್ಜಿ ಯಾವುದಕ್ಕೆ ಎಂದು ತಿಳಿಯಲು ಚರ್ಮದ ಪ್ರಿಕ್ ಟೆಸ್ಟ್ ಇದೆ. ಅದಕ್ಕೆ ಹೋಗುವ ಒಂದು ವಾರ ಮೊದಲು ಸೆಟ್ರಿಜಿನ್ ಥರದ ಮಾತ್ರೆ ನಿಲ್ಲಿಸಬೇಕಾಗುತ್ತದೆ. ಟೆಸ್ಟಿನಲ್ಲಿ ಗುಳ್ಳೆ ಎದ್ದ ಮಾತ್ರಕ್ಕೆ ಅದೇ ನಿಮ್ಮ ಅಸ್ತಮಾಗೆ ಕಾರಣ ಅಂತಲ್ಲ. ಆ ವಸ್ತುವಿನ ಹತ್ತಿರ ಹೋದಾಗ ನಿಜಕ್ಕೂ ಉಸಿರು ಕಟ್ಟುತ್ತದಾ ಎಂಬುದು ಹೊಂದಬೇಕು.

ನಮ್ಮ ಕಡೆಯವರಿಗೆ ಇಲ್ಲೊಂದು ಎಚ್ಚರಿಕೆ. ಇಯೊಸಿನೊಫಿಲ್ ಏರಲು ಅಲರ್ಜಿಯೊಂದೇ ಕಾರಣವಲ್ಲ. ಹೊಟ್ಟೆಹುಳುವಿಂದಲೂ ಏರುತ್ತದೆ. ಆನೆಕಾಲು ರೋಗ ಇದ್ದ ಕರಾವಳಿ ಮತ್ತು ಕಲಬುರಗಿ, ಬೀದರ್ ಕಡೆಯವರಿಗೆ ರಾತ್ರಿ ಕೆಮ್ಮು, ಉಬ್ಬಸದ ಜೊತೆ ಎಇಸಿ 3000 ದಾಟಿದ್ದರೆ ಅದು ಫೈಲೇರಿಯಾ ಹುಳುವಿಗೆ ದೇಹ ತೋರುವ ಪ್ರತಿಕ್ರಿಯೆ ಇರಬಹುದು. ಅದಕ್ಕೆ ಔಷಧಿಯೇ ಬೇರೆ. ಹಾಗೆಯೇ ಒಟ್ಟು ಐಜಿಇ ಸಾವಿರ ದಾಟಿದ್ದರೆ, ಶ್ವಾಸಕೋಶದಲ್ಲಿ ಆಸ್ಪರ್ಜಿಲಸ್ ಎಂಬ ಬೂಷ್ಟಿನ ಅಲರ್ಜಿ ಇದೆಯಾ ಎಂದು ನೋಡದೆ ಮುಂದೆ ಹೋಗಬೇಡಿ. ಅಸ್ತಮಾ ಎಂದುಕೊಂಡು ಎಷ್ಟೋ ಕಾಲ ಬರೀ ಪಂಪಿನಲ್ಲೇ ದೂಡಿದವರಲ್ಲಿ ಇದು ಸಿಗುತ್ತದೆ.

ನೀಲಿ ಪಂಪು ಮಾತ್ರ

ಇದರಲ್ಲಿರುವುದು ಸಾಲ್ಬ್ಯುಟಮಾಲ್. ಅಗ್ಗ, ಎಲ್ಲ ಮೆಡಿಕಲ್ ಶಾಪಿನಲ್ಲೂ ಸಿಗುತ್ತದೆ, ಕೆಲವೇ ನಿಮಿಷದಲ್ಲಿ ಎದೆ ಹಗುರ. ಇದಕ್ಕೇ ಜನ ಅಂಟಿಕೊಳ್ಳುತ್ತಾರೆ. ಆದರೆ ಮೇಲಿನ ಮೊದಲ ಪ್ರಶ್ನೆ ಕೇಳಿ ನೋಡಿ. ಇದು ಸ್ನಾಯುವನ್ನು ಸಡಿಲಿಸುತ್ತದೆ ಅಷ್ಟೆ. ಟಿಎಚ್2, ಇಯೊಸಿನೊಫಿಲ್‌ಗಳ ಕೆಲಸ ಒಳಗೆ ನಡೆದೇ ಇರುತ್ತದೆ. ಮಾಡು ಸೋರುವುದನ್ನು ಹಾಗೇ ಬಿಟ್ಟು ನೆಲ ಒರೆಸಿದ ಹಾಗೆ.

ಅಸ್ತಮಾ ಚಿಕಿತ್ಸೆಗೆ ಜಗತ್ತಿನಾದ್ಯಂತ ವೈದ್ಯರು ನೋಡುವ ಗಿನಾ ಮಾರ್ಗಸೂಚಿ 2019ರಿಂದ, ದೊಡ್ಡವರು ಮತ್ತು ಹದಿಹರೆಯದವರಿಗೆ ಇದೊಂದನ್ನೇ ಕೊಡಬೇಡಿ ಎಂದು ಹೇಳುತ್ತಿದೆ. ವರ್ಷಕ್ಕೆ 200 ಪಫ್‌ನ ಮೂರು ಡಬ್ಬಿ ಅಥವಾ ಅದಕ್ಕಿಂತ ಜಾಸ್ತಿ ಖಾಲಿಯಾಗುತ್ತಿದ್ದರೆ ತೀವ್ರ ಅಟ್ಯಾಕ್ ಆಗುವ ಸಂಭವ ಹೆಚ್ಚು. ತಿಂಗಳಿಗೊಂದು ಡಬ್ಬಿ ಮುಗಿಯುತ್ತಿದ್ದರೆ ಜೀವಕ್ಕೇ ಅಪಾಯ. ದಯವಿಟ್ಟು ನಿಮ್ಮ ಮನೆಯ ಖಾಲಿ ಡಬ್ಬಿಗಳನ್ನು ಎಣಿಸಿ ನೋಡಿ.

ಸ್ಟೀರಾಯ್ಡ್ ಇರುವ ಪಂಪು

ನನ್ನ ಮಟ್ಟಿಗೆ ಹೆಚ್ಚಿನವರ ಹುಡುಕಾಟ ಇಲ್ಲಿಗೇ ಮುಗಿಯಬೇಕು. ಬುಡೆಸೊನೈಡ್, ಫ್ಲುಟಿಕಾಸೋನ್, ಬೆಕ್ಲೊಮೆಥಸೋನ್ ಇವು ಉಸಿರಿನ ಮೂಲಕ ತಗೊಳ್ಳುವ ಸ್ಟೀರಾಯ್ಡ್‌ಗಳು. ಇವು ಒಂದೇ ಕಣಕ್ಕೆ ಸೀಮಿತವಲ್ಲ. ಡೆಂಡ್ರಿಟಿಕ್ ಕಣಗಳು ಕಡಿಮೆಯಾಗುತ್ತವೆ, ಟಿಎಚ್2 ಕಣಗಳ ರಾಸಾಯನಿಕಗಳು ತಗ್ಗುತ್ತವೆ, ಇಯೊಸಿನೊಫಿಲ್‌ಗಳು ಬೇಗ ಸಾಯುತ್ತವೆ, ಶ್ವಾಸನಾಳದ ಒಳಪದರದಲ್ಲಿ ಮಾಸ್ಟ್ ಕಣಗಳ ಸಂಖ್ಯೆಯೂ ಇಳಿಯುತ್ತದೆ. ಇಷ್ಟು ಅಗಲವಾಗಿ, ಇಷ್ಟು ಕಡಿಮೆ ದುಡ್ಡಿಗೆ ಕೆಲಸ ಮಾಡುವ ಔಷಧಿ ಅಲರ್ಜಿ ಅಸ್ತಮಾಗೆ ಇನ್ನೊಂದಿಲ್ಲ.

‘ಸ್ಟೀರಾಯ್ಡ್’ ಎಂಬ ಹೆಸರಿಗೇ ಹೆದರಿ ಬಿಡುವವರು ತುಂಬ ಜನ. ಲೆಕ್ಕ ನೋಡಿ. ಅಟ್ಯಾಕ್ ಆದಾಗ ಕೊಡುವ ಪ್ರೆಡ್ನಿಸೊಲೋನ್ ಮಾತ್ರೆ ದಿನಕ್ಕೆ 40 ಮಿಲಿಗ್ರಾಂ ಇರಬಹುದು. ಪಂಪಿನ ಒಂದು ಪಫ್‌ನಲ್ಲಿ ಬುಡೆಸೊನೈಡ್ 200 ಮೈಕ್ರೋಗ್ರಾಂ ಇರಬಹುದು, ಅಂದರೆ ತೂಕದಲ್ಲಿ 200ನೇ ಒಂದು ಭಾಗ. ಅದೂ ನೇರ ಶ್ವಾಸನಾಳಕ್ಕೆ. ಬಾಯಿಹುಣ್ಣಿನಂಥ ಬಿಳಿ ಪೊರೆ, ದನಿ ಒಡೆಯುವುದು ಆಗಬಹುದು. ಪಂಪು ತಗೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗಿದರೆ ಅದು ಬಹಳ ಮಟ್ಟಿಗೆ ತಪ್ಪುತ್ತದೆ. ಮಕ್ಕಳ ಎತ್ತರದ ಬಗ್ಗೆ ತಂದೆ ತಾಯಿಗೆ ಇರುವ ಚಿಂತೆಗೆ ಆಧಾರ ಇದೆ: ಬಾಲ್ಯದಲ್ಲಿ ವರ್ಷಗಟ್ಟಲೆ ದಿನವೂ ಬುಡೆಸೊನೈಡ್ ತಗೊಂಡ ಮಕ್ಕಳು ದೊಡ್ಡವರಾದಾಗ ಸುಮಾರು 1 ಸೆಂಟಿಮೀಟರ್ ಕುಳ್ಳಗಿದ್ದರು. ಪದೇಪದೇ ಅಟ್ಯಾಕ್ ಆಗಿ ಸ್ಟೀರಾಯ್ಡ್ ಮಾತ್ರೆ ನುಂಗುವ ಮಗುವಿಗೆ ಆಗುವ ನಷ್ಟ ಇದಕ್ಕಿಂತ ಎಷ್ಟೋ ದೊಡ್ಡದು.

ಇದರಲ್ಲೇ ಎರಡು ದಾರಿ ಇವೆ. ಒಂದು, ಸ್ಟೀರಾಯ್ಡ್ ಪಂಪು ದಿನವೂ, ಕಷ್ಟವಾದಾಗ ನೀಲಿ ಪಂಪು. ಇನ್ನೊಂದು, ಬುಡೆಸೊನೈಡ್ ಮತ್ತು ಫಾರ್ಮೊಟೆರಾಲ್ ಎರಡೂ ಸೇರಿದ ಒಂದೇ ಪಂಪು. ಫಾರ್ಮೊಟೆರಾಲ್ ಕೆಲವೇ ನಿಮಿಷದಲ್ಲಿ ಸ್ನಾಯು ಸಡಿಲಿಸುತ್ತದೆ, ಜೊತೆಗೇ ಕಣಗಳಿಗೆ ಸ್ಟೀರಾಯ್ಡ್ ತಲುಪುತ್ತದೆ. ಸೌಮ್ಯ ಅಸ್ತಮಾದವರು ಇದನ್ನು ಬೇಕಾದಾಗ ಮಾತ್ರ ತಗೊಂಡರೂ ನಡೆಯುತ್ತದೆ. 2018ರಲ್ಲಿ ಬಂದ ಸಿಗ್ಮಾ ಎಂಬ ದೊಡ್ಡ ಅಧ್ಯಯನದಲ್ಲಿ, ಬರೀ ಸ್ನಾಯು ಸಡಿಲಿಸುವ ಪಂಪಿಗಿಂತ ಈ ಜೋಡಿ ಪಂಪಿನಿಂದ ತೀವ್ರ ಅಟ್ಯಾಕ್‌ಗಳು 64 ಶೇಕಡಾ ಕಡಿಮೆಯಾದವು. ದಿನಾ ಪಂಪು ತಗೊಳ್ಳಲು ಮರೆಯುವವರಿಗೆ, ಎರಡೆರಡು ಡಬ್ಬಿ ನಿಭಾಯಿಸಲಾಗದವರಿಗೆ ಎರಡನೇ ದಾರಿಯೇ ವಾಸಿ. ಆದರೆ ವಾರದ ಹೆಚ್ಚಿನ ದಿನ ಉಬ್ಬಸ ಇದ್ದರೆ ಬೇಕಾದಾಗ ಮಾತ್ರ ಅನ್ನುವುದು ಸಾಲದು. ದಿನವೂ ತಗೊಳ್ಳಬೇಕು, ಮೇಲಿಂದ ಬೇಕಾದಾಗ ಅದೇ ಪಂಪು.

ಸ್ಟೀರಾಯ್ಡ್ ನಿಜವಾದ ಕೆಲಸ ತೋರಿಸಲು ದಿನಗಳು, ವಾರಗಳು ಹಿಡಿಯುತ್ತವೆ. ಎರಡು ದಿನ ತಗೊಂಡು ‘ಏನೂ ಆಗಲಿಲ್ಲ’ ಎಂದು ಬಿಡಬೇಡಿ. ಬಿಟ್ಟರೆ ಕಣಗಳು ಮತ್ತೆ ಬರುತ್ತವೆ, ಅದೂ ನಿಜ. ಖರ್ಚು ಔಷಧಿ ಮತ್ತು ಸಾಧನದ ಮೇಲೆ ಹೋಗುತ್ತದೆ, ಹೆಚ್ಚಿನವರಿಗೆ ತಿಂಗಳಿಗೆ ಕೆಲವು ನೂರು ರೂಪಾಯಿ. ಪುಡಿ ಔಷಧಿಯ ಕ್ಯಾಪ್ಸೂಲ್ ಹಾಕಿ ಎಳೆಯುವ ರೋಟಾಕ್ಯಾಪ್ ತುಸು ಅಗ್ಗ. ಜನೌಷಧಿ ಕೇಂದ್ರದಲ್ಲೂ ವಿಚಾರಿಸಿ. ಯಾವುದೇ ಇರಲಿ, ಎಳೆಯುವ ಕ್ರಮವನ್ನು ಡಾಕ್ಟರ ಎದುರಿಗೇ ಮಾಡಿ ತೋರಿಸಿ. ಹೆಚ್ಚಿನವರು ತಪ್ಪಾಗಿ ಎಳೆಯುತ್ತಾರೆ. ಔಷಧಿ ನಾಲಿಗೆ ಮೇಲೆ ಬಿದ್ದರೆ ಯಾವ ಕಣಕ್ಕೆ ತಾಗಬೇಕು ಹೇಳಿ? ಡಬ್ಬಿ ಪಂಪಿಗೆ ಸ್ಪೇಸರ್ (ಪಂಪಿಗೂ ಬಾಯಿಗೂ ನಡುವೆ ಇಡುವ ಟೊಳ್ಳು ಕೊಳವೆ) ಹಾಕಿಕೊಂಡರೆ ಅರ್ಧ ಸಮಸ್ಯೆ ಪರಿಹಾರ.

ಮಾಂಟೆಲುಕಾಸ್ಟ್ ಮತ್ತು ಇತರ ಮಾತ್ರೆಗಳು

ಮಾಂಟೆಲುಕಾಸ್ಟ್ ಕಣಗಳನ್ನು ತಡೆಯುವುದಿಲ್ಲ. ಮಾಸ್ಟ್ ಕಣ, ಇಯೊಸಿನೊಫಿಲ್‌ಗಳು ಬಿಟ್ಟ ಲ್ಯೂಕೋಟ್ರಿಯೀನ್ ಹೋಗಿ ಕೂರುವ ಜಾಗವನ್ನು ಮುಚ್ಚುತ್ತದೆ. ಹಿಸ್ಟಮಿನ್, ಐಎಲ್-5, ಐಎಲ್-13 ತಮ್ಮ ಪಾಡಿಗೆ ಇರುತ್ತವೆ. ಹಾಗಾಗಿ ಅಟ್ಯಾಕ್ ತಪ್ಪಿಸುವುದರಲ್ಲಿ ಇದು ಸ್ಟೀರಾಯ್ಡ್ ಪಂಪಿಗೆ ಸಮನಲ್ಲ. ಮೂಗಿನ ಅಲರ್ಜಿಯೂ ಇರುವವರಿಗೆ, ಆಟ ಓಟದಲ್ಲಿ ಉಬ್ಬಸ ಬರುವವರಿಗೆ, ಆಸ್ಪಿರಿನ್ ಆಗದವರಿಗೆ ಪಂಪಿನ ಜೊತೆ ಸೇರಿಸಿದರೆ ಉಪಯೋಗ. ಪಂಪನ್ನು ಸುತರಾಂ ಒಪ್ಪದವರಿಗೆ ಏನೂ ಇಲ್ಲದ್ದಕ್ಕಿಂತ ವಾಸಿ. ಆದರೆ 2020ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದರ ಮೇಲೆ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿತು. ಕೆಲವರಲ್ಲಿ ಕೆಟ್ಟ ಕನಸು, ಸಿಡುಕು, ಖಿನ್ನತೆ, ಸಾಯುವ ಯೋಚನೆ ಕಾಣಿಸಿಕೊಳ್ಳಬಹುದು. ಮಗು ಈ ಮಾತ್ರೆ ಶುರು ಮಾಡಿದ ಮೇಲೆ ರಾತ್ರಿ ಚೀರಿ ಏಳುತ್ತಿದ್ದರೆ, ಸುಮ್‌ಸುಮ್ನೆ ಅಳುತ್ತಿದ್ದರೆ ಡಾಕ್ಟರಿಗೆ ತಿಳಿಸಿ.

ಸೆಟ್ರಿಜಿನ್, ಲೆವೊಸೆಟ್ರಿಜಿನ್ ಹಿಸ್ಟಮಿನ್ ಒಂದನ್ನೇ ತಡೆಯುತ್ತವೆ. ಸೀನು, ಮೂಗು ಸೋರುವುದಕ್ಕೆ ಒಳ್ಳೆಯದು, ಅಸ್ತಮಾಗೆ ಚಿಕಿತ್ಸೆಯಲ್ಲ. ಥಿಯೋಫಿಲಿನ್ ಮಾತ್ರೆ ನಮ್ಮ ಹಳ್ಳಿಗಳಲ್ಲಿ ಇನ್ನೂ ನಡೆಯುತ್ತಿದೆ. ಡೋಸ್ ಸ್ವಲ್ಪ ಹೆಚ್ಚಾದರೂ ವಾಂತಿ, ಎದೆ ಬಡಿತ. ಅದಕ್ಕಿಂತ ಉತ್ತಮವಾದದ್ದು ಅಷ್ಟೇ ಸುಲಭವಾಗಿ ಸಿಗುವಾಗ ಅದು ಯಾಕೆ ಬೇಕು?

ಸ್ಟೀರಾಯ್ಡ್ ಮಾತ್ರೆ ಅಟ್ಯಾಕ್ ಆದಾಗ ಐದಾರು ದಿನಕ್ಕೆ ಜೀವ ಉಳಿಸುವ ಔಷಧಿ. ಅದನ್ನೇ ತಿಂಗಳುಗಟ್ಟಲೆ ನುಂಗಿದರೆ ಸಕ್ಕರೆ ಕಾಯಿಲೆ, ಮೂಳೆ ಸವೆತ, ಕಣ್ಣಿನ ಪೊರೆ, ಮುಖ ಊದುವುದು. ಅಗ್ಗ ಎಂಬ ಕಾರಣಕ್ಕೆ ಇದನ್ನು ಆಯ್ಕೆಗಳ ಪಟ್ಟಿಗೇ ಸೇರಿಸಬೇಡಿ. ತಿಂಗಳುಗಟ್ಟಲೆ ತಗೊಂಡಿದ್ದರೆ ತಟ್ಟನೆ ನಿಲ್ಲಿಸಲೂ ಬೇಡಿ, ಡಾಕ್ಟರ ಕೈಯಲ್ಲಿ ಹಂತಹಂತವಾಗಿ ಇಳಿಸಬೇಕು. ಮೃಗಶಿರಾ ಮಳೆ ಕೂಡುವ ದಿನ ಕೊಡುವ ಅಸ್ತಮಾ ಔಷಧಿಗೆ ಪ್ರತಿ ವರ್ಷ ಸಾವಿರಾರು ಜನ ಹೋಗುತ್ತಾರೆ. ಅವರ ಕಷ್ಟ ನಿಜ. ಹೋಗುವುದಾದರೂ ಪಂಪನ್ನು ಮಾತ್ರ ನಿಲ್ಲಿಸಬೇಡಿ.

ಅಲರ್ಜಿ ಇಂಜೆಕ್ಷನ್, ನಾಲಿಗೆ ಕೆಳಗಿನ ಹನಿ

ಇದು ಹೊಸದೇನಲ್ಲ. 1911ರಲ್ಲೇ ಲಂಡನ್ನಿನಲ್ಲಿ ಲಿಯೊನಾರ್ಡ್ ನೂನ್ ಹುಲ್ಲಿನ ಪರಾಗದ ರಸವನ್ನು ಚೂರುಚೂರೇ ಚುಚ್ಚಿ ಪ್ರಯತ್ನಿಸಿದ್ದರು. ನಿಮಗೆ ಆಗದ ವಸ್ತುವನ್ನೇ ಸಣ್ಣ ಪ್ರಮಾಣದಿಂದ ಶುರು ಮಾಡಿ ಏರಿಸುತ್ತಾ ಹೋಗುತ್ತಾರೆ. ಆಗ ನಿಯಂತ್ರಕ ಟಿ ಕಣಗಳು ಹೆಚ್ಚುತ್ತವೆ. ಇವು ಟಿಎಚ್2 ಕಣಗಳನ್ನು ಹದ್ದುಬಸ್ತಿನಲ್ಲಿಡುವ ಕಣಗಳು. ಬಿ ಕಣಗಳು ಐಜಿಇ ಬದಲು ಐಜಿಜಿ4 ಎಂಬ ಬೇರೆ ಪ್ರತಿಕಾಯ ಮಾಡತೊಡಗುತ್ತವೆ. ಅದು ಮಾಸ್ಟ್ ಕಣಕ್ಕೆ ಧೂಳು ತಾಗುವ ಮೊದಲೇ ಅಡ್ಡ ನಿಲ್ಲುತ್ತದೆ. ಬೇರೆ ಔಷಧಿಗಳ ಗುಣ ನಿಲ್ಲಿಸಿದರೆ ಮುಗಿಯಿತು. ಇದೊಂದರ ಗುಣ ಮಾತ್ರ ನಿಲ್ಲಿಸಿದ ಮೇಲೂ ಕೆಲವು ವರ್ಷ ಉಳಿಯಬಲ್ಲದು. ಇದರ ಆಕರ್ಷಣೆ ಇರುವುದೇ ಅಲ್ಲಿ.

ಬೆಲೆ ತೆರಬೇಕಾದದ್ದು ಸಮಯದಲ್ಲಿ. ಮೊದಲಿಗೆ ವಾರವಾರ, ಆಮೇಲೆ ತಿಂಗಳಿಗೊಮ್ಮೆ, ಒಟ್ಟು 3ರಿಂದ 5 ವರ್ಷ. ನಡುವೆ ಬಿಟ್ಟರೆ ಹಾಕಿದ ದುಡ್ಡೂ ಹೋಯಿತು, ದಿನಗಳೂ ಹೋದವು. ಪ್ರತಿ ಇಂಜೆಕ್ಷನ್ ಆದ ಮೇಲೆ ಅರ್ಧ ಗಂಟೆ ಆಸ್ಪತ್ರೆಯಲ್ಲೇ ಕೂರಬೇಕು, ಯಾಕೆಂದರೆ ಅಪರೂಪಕ್ಕೆ ಇಡೀ ಮೈಯ ಅಲರ್ಜಿ ಕೆರಳಬಹುದು. ಅಸ್ತಮಾ ಹತೋಟಿಗೆ ಬಾರದವರಿಗೆ ಇದು ಅಪಾಯಕಾರಿ. ಮೊದಲು ಪಂಪಿನಿಂದ ಕಣಗಳನ್ನು ತಣಿಸಿ ಆಮೇಲೆ ಇದಕ್ಕೆ ಬರಬೇಕು. ನಾಲಿಗೆ ಕೆಳಗೆ ಇಡುವ ಹನಿ ಅಥವಾ ಮಾತ್ರೆಯಲ್ಲಿ ಅಪಾಯ ಕಡಿಮೆ, ಆದರೆ ದಿನವೂ ತಪ್ಪದೆ ಇಡಬೇಕು.

ಯಾರಿಗೆ ಸರಿ? ಒಂದೋ ಎರಡೋ ಅಲರ್ಜಿ ಸ್ಪಷ್ಟವಾಗಿರುವ, ಧೂಳುಹುಳು ಅಥವಾ ಪರಾಗದಿಂದ ಮೂಗು ಎದೆ ಎರಡೂ ಕೆಡುವ ಯುವಕರಿಗೆ, ದೊಡ್ಡ ಮಕ್ಕಳಿಗೆ. ಹತ್ತಾರು ವಸ್ತು, ಜೊತೆಗೆ ಬದನೆಕಾಯಿ, ಬೇಳೆ ಎಲ್ಲ ಪಟ್ಟಿ ಮಾಡಿ ಒಂದೇ ಬಾಟಲಿಯಲ್ಲಿ ಬೆರೆಸಿಕೊಡುತ್ತೇವೆ ಎಂದರೆ ನಾನಂತೂ ಎರಡನೇ ಅಭಿಪ್ರಾಯ ಕೇಳಲು ಹೇಳುತ್ತೇನೆ. ಸಾಕ್ಷ್ಯ ಗಟ್ಟಿಯಾಗಿರುವುದು ಒಂದೆರಡು ಮುಖ್ಯ ಅಲರ್ಜಿಗಳಿಗೆ, ಅದರಲ್ಲೂ ಧೂಳುಹುಳುವಿಗೆ.

ಬಯಾಲಜಿಕ್‌ಗಳು

ಇಲ್ಲಿ ಕಣಗಳ ವಿಷಯ ನೇರವಾಗಿ ದುಡ್ಡಿನ ವಿಷಯವಾಗುತ್ತದೆ. ಇವು ಪ್ರಯೋಗಾಲಯದಲ್ಲಿ ತಯಾರಿಸಿದ ಪ್ರತಿಕಾಯಗಳು, ಒಂದೊಂದೂ ಒಂದೇ ಗುರಿಯನ್ನು ಹಿಡಿಯುತ್ತದೆ. ಗುರಿ ನಿಮ್ಮಲ್ಲಿ ಇಲ್ಲದಿದ್ದರೆ ಇಡೀ ಖರ್ಚು ನೀರುಪಾಲು.

ಇದನ್ನು ವಿಜ್ಞಾನಿಗಳೂ ಕಷ್ಟಪಟ್ಟೇ ಕಲಿತರು. ಐಎಲ್-5 ತಡೆಯುವ ಮೆಪೊಲಿಜುಮಾಬ್ ಅನ್ನು 2000ದಲ್ಲಿ ಪರೀಕ್ಷಿಸಿದಾಗ ರಕ್ತದಲ್ಲಿ ಇಯೊಸಿನೊಫಿಲ್ ಕುಸಿಯಿತು, ಆದರೆ ಅಸ್ತಮಾ ಸುಧಾರಿಸಲಿಲ್ಲ. 2007ರಲ್ಲಿ 362 ಜನರ ಮೇಲೆ ನಡೆದ ಅಧ್ಯಯನದಲ್ಲೂ ನಿರಾಸೆ. ಇಯೊಸಿನೊಫಿಲ್‌ಗೂ ಅಸ್ತಮಾಗೂ ಸಂಬಂಧವೇ ಇಲ್ಲವೇನೋ ಎಂಬ ಅನುಮಾನ ಎದ್ದಿತು. 2009ರಲ್ಲಿ ಇಂಗ್ಲೆಂಡಿನ ಲೆಸ್ಟರ್ ಮತ್ತು ಕೆನಡಾದ ಹ್ಯಾಮಿಲ್ಟನ್‌ನ ಎರಡು ತಂಡಗಳು ಅದೇ ಔಷಧಿಯನ್ನು ಮತ್ತೆ ಪರೀಕ್ಷಿಸಿದವು. ಒಂದರಲ್ಲಿ 61 ಜನ, ಇನ್ನೊಂದರಲ್ಲಿ ಬರೀ 20 ಜನ. ಆದರೆ ಈ ಸಲ ಸ್ಟೀರಾಯ್ಡ್ ತಗೊಂಡರೂ ಇಯೊಸಿನೊಫಿಲ್ ಇಳಿಯದವರನ್ನೇ ಆರಿಸಿಕೊಂಡಿದ್ದರು. ಅಟ್ಯಾಕ್‌ಗಳು ಎದ್ದು ಕಾಣುವಷ್ಟು ಕಡಿಮೆಯಾದವು. ಔಷಧಿ ಅದೇ, ರೋಗಿಗಳ ಆಯ್ಕೆ ಮಾತ್ರ ಬದಲು. 2015ರಲ್ಲಿ ಅದಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು.

ಓಮಲಿಜುಮಾಬ್ 2003ರಿಂದ ಬಳಕೆಯಲ್ಲಿದೆ. ಇದು ರಕ್ತದಲ್ಲಿರುವ ಐಜಿಇಯನ್ನು ಹಿಡಿದು, ಮಾಸ್ಟ್ ಕಣದ ಮೇಲೆ ಕೂರದಂತೆ ಮಾಡುತ್ತದೆ. ಚಿಕ್ಕಂದಿನಿಂದ ಅಲರ್ಜಿ ಇದ್ದು, ಪ್ರಿಕ್ ಟೆಸ್ಟಿನಲ್ಲಿ ವರ್ಷವಿಡೀ ಕಾಡುವ ಅಲರ್ಜಿ ಕಂಡವರಿಗೆ ಇದು. ಡೋಸನ್ನು ತೂಕ ಮತ್ತು ಐಜಿಇ ಮಟ್ಟ ನೋಡಿ ನಿರ್ಧರಿಸುತ್ತಾರೆ. ಹಾಗಾಗಿ ತೂಕ ಮತ್ತು ಐಜಿಇ ಜಾಸ್ತಿ ಇದ್ದವರಿಗೆ ಬಿಲ್ಲೂ ಜಾಸ್ತಿ. 16 ವಾರದಲ್ಲಿ ಗುಣ ಕಾಣಿಸದಿದ್ದರೆ ಮುಂದುವರಿಸಬೇಕಾ ಎಂದು ಮತ್ತೆ ಯೋಚಿಸಬೇಕು.

ಎಇಸಿ 300 ದಾಟಿದ್ದು, ವರ್ಷದಲ್ಲಿ ಹಲವು ಅಟ್ಯಾಕ್ ಆಗಿದ್ದರೆ ಮೆಪೊಲಿಜುಮಾಬ್ ಅಥವಾ ಬೆನ್ರಾಲಿಜುಮಾಬ್. ಮೊದಲನೆಯದು 4 ವಾರಕ್ಕೊಮ್ಮೆ. ಎರಡನೆಯದು ಇಯೊಸಿನೊಫಿಲ್ ಮೈಗೇ ಅಂಟಿ ಎನ್‌ಕೆ ಎಂಬ ಕೊಲ್ಲುವ ಕಣಗಳಿಂದ ಅದನ್ನು ಕೊಲ್ಲಿಸುತ್ತದೆ. ಮೊದಲ ಮೂರು ಡೋಸ್ 4 ವಾರಕ್ಕೊಂದು, ಆಮೇಲೆ 8 ವಾರಕ್ಕೊಮ್ಮೆ. ದೂರದ ಊರಿಂದ ಬರುವವರಿಗೆ ಆ ಅಂತರ ಸಣ್ಣ ವಿಷಯವಲ್ಲ. ಡುಪಿಲುಮಾಬ್ ಐಎಲ್-4, ಐಎಲ್-13 ಎರಡರ ದಾರಿಯನ್ನೂ ಮುಚ್ಚುತ್ತದೆ. ಮೂಗಿನಲ್ಲಿ ಪಾಲಿಪ್ (ಮಾಂಸದ ಗಡ್ಡೆ), ಮೈಮೇಲೆ ಎಕ್ಸಿಮಾ (ತುರಿಕೆಯ ಚರ್ಮರೋಗ) ಕೂಡ ಇದ್ದರೆ ಒಂದೇ ಇಂಜೆಕ್ಷನ್ ಮೂರಕ್ಕೂ ಆಗುತ್ತದೆ, ಆದರೆ ಸಾಮಾನ್ಯವಾಗಿ 2 ವಾರಕ್ಕೊಮ್ಮೆ. ಕಣ್ಣು ಕೆಂಪಾಗುವುದು, ಆರಂಭದಲ್ಲಿ ಇಯೊಸಿನೊಫಿಲ್ ಏರುವುದು ಉಂಟು. 2021ರಲ್ಲಿ ಬಂದ ಟೆಜೆಪೆಲುಮಾಬ್ ಟಿಎಸ್‌ಎಲ್‌ಪಿಯನ್ನೇ ತಡೆಯುತ್ತದೆ. ಹಾಗಾಗಿ ಇಯೊಸಿನೊಫಿಲ್ ಕಡಿಮೆ ಇದ್ದವರಿಗೂ ಸ್ವಲ್ಪ ಮಟ್ಟಿಗೆ ಉಪಯೋಗ.

ಇವುಗಳ ಬಗ್ಗೆ ಯೋಚಿಸಬೇಕಾದವರು, ಹೆಚ್ಚಿನ ಡೋಸಿನ ಜೋಡಿ ಪಂಪನ್ನು ಸರಿಯಾಗಿ ಎಳೆದೂ ಹತೋಟಿಗೆ ಬಾರದವರು ಮಾತ್ರ. ಅಂಥವರು ನೂರರಲ್ಲಿ ಹತ್ತಕ್ಕಿಂತ ಕಡಿಮೆ. ಅವರಿಗೆ ಮಾತ್ರ ಇದು ಬದುಕನ್ನೇ ಬದಲಿಸಬಲ್ಲದು, ಸ್ಟೀರಾಯ್ಡ್ ಮಾತ್ರೆಯಿಂದ ಬಿಡಿಸಬಲ್ಲದು. ಶುರು ಮಾಡುವ ಮೊದಲು ಹೊಟ್ಟೆಹುಳು ಇದೆಯಾ ಎಂದು ನೋಡಿಸಿ. ವಿಮೆ ಇದ್ದರೆ, ಅಡ್ಮಿಟ್ ಆಗದೆ ತಗೊಳ್ಳುವ ಇಂಜೆಕ್ಷನ್‌ಗೆ ಅದು ಅನ್ವಯಿಸುತ್ತದಾ ಎಂದು ಬರಹದಲ್ಲಿ ಕೇಳಿ ಪಡೆಯಿರಿ. ಆರು ತಿಂಗಳ ಖರ್ಚು ಕೈಯಲ್ಲಿಲ್ಲದೆ ಒಂದೆರಡು ಡೋಸ್‌ಗಾಗಿ ಸಾಲ ಮಾಡುವುದು ನನಗೆ ಸರಿ ಕಾಣುವುದಿಲ್ಲ.

ನಿಮ್ಮ ಪರಿಸ್ಥಿತಿಗೆ ಹೊಂದಿಸಿ ನೋಡಿ

ಬೆಂಗಳೂರಿನಲ್ಲಿ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ 18ರೊಳಗಿನ ಮಕ್ಕಳನ್ನು ನೋಡಿ ಮಾಡಿದ ಅಧ್ಯಯನದಲ್ಲಿ ಅಸ್ತಮಾ 1979ರಲ್ಲಿ 9 ಶೇಕಡಾ ಇದ್ದದ್ದು 1999ಕ್ಕೆ 29.5ಕ್ಕೆ ಏರಿತ್ತು. ಅಂದರೆ ಈ ಆಯ್ಕೆಯ ಗೊಂದಲ ಬಹಳ ಮನೆಗಳದ್ದು. ಶಾಲೆಗೆ ಹೋಗುವ ಮಗುವಿಗೆ ವಾರಕ್ಕೆ ಎರಡು ಮೂರು ಸಲ ಉಬ್ಬಸ ಬರುತ್ತಿದೆ, ಮನೆಯ ಆದಾಯ ಸಾಧಾರಣ ಎಂದರೆ, ಸ್ಪೇಸರ್ ಜೊತೆ ಕಡಿಮೆ ಡೋಸಿನ ಸ್ಟೀರಾಯ್ಡ್ ಪಂಪು ಮೊದಲ ಆಯ್ಕೆ. ಆರು ತಿಂಗಳು, ವರ್ಷ ಹತೋಟಿಯಲ್ಲಿದ್ದು, ಧೂಳುಹುಳುವಿನ ಅಲರ್ಜಿ ಖಚಿತವಾಗಿ, ಮೂಗೂ ಕಾಡುತ್ತಿದ್ದರೆ ಆಗ ಇಮ್ಯುನೋಥೆರಪಿ, ಅಂದರೆ ಮೇಲೆ ಹೇಳಿದ ಅಲರ್ಜಿ ಇಂಜೆಕ್ಷನ್ ಅಥವಾ ಹನಿಯ ಬಗ್ಗೆ ಮಾತಾಡಿ.

ಬೇಕರಿಯಲ್ಲಿ ಮೈದಾ ಹಿಟ್ಟಿನ ನಡುವೆ ದುಡಿಯುವವರು, ರೇಷ್ಮೆ ನೂಲು ತೆಗೆಯುವವರು ರಜೆಯಲ್ಲಿ ಊರಿಗೆ ಹೋದಾಗ ಆರಾಮ, ಕೆಲಸಕ್ಕೆ ಮರಳಿದರೆ ದಮ್ಮು ಎನ್ನುವುದಾದರೆ, ಅಲರ್ಜಿ ಇರುವುದು ಕೆಲಸದ ಜಾಗದಲ್ಲೇ. ರೇಷ್ಮೆ ಫಿಲೇಚರ್ (ನೂಲು ತೆಗೆಯುವ ಘಟಕ) ಕೆಲಸಗಾರರ ಅಸ್ತಮಾವನ್ನು ಕರ್ನಾಟಕದಲ್ಲಿ 1980ರ ದಶಕದಲ್ಲೇ ದಾಖಲಿಸಲಾಗಿದೆ. ಪಂಪು ಬೇಕೇ ಬೇಕು, ಆದರೆ ದಿನವಿಡೀ ಅದೇ ಪುಡಿ ಒಳಗೆ ಹೋಗುತ್ತಿದ್ದರೆ ಯಾವ ಔಷಧಿಯೂ ಟಿಎಚ್2 ಕಣಗಳನ್ನು ಬಹಳ ಕಾಲ ತಡೆಯಲಾರದು. ಕೆಲಸದ ಜಾಗ ಬದಲಾಯಿಸಲು ಸಾಧ್ಯವಾ ಎಂದು ಬೇಗ ನೋಡಿ. ತಡವಾದಷ್ಟೂ ಪೂರ್ತಿ ಗುಣವಾಗುವ ಅವಕಾಶ ಕಡಿಮೆ.

ಬೀಡಿ ಸೇದುವವರು, ಸೌದೆ ಒಲೆಯ ಹೊಗೆಯಲ್ಲಿ ವರ್ಷಾನುಗಟ್ಟಲೆ ಅಡುಗೆ ಮಾಡಿದ ಅಮ್ಮಂದಿರು ‘ಅಲರ್ಜಿ ಇಂಜೆಕ್ಷನ್’ಗೆ ದುಡ್ಡು ಹಾಕುವ ಮೊದಲು ಸ್ಪೈರೋಮೆಟ್ರಿ, ಎಇಸಿ ಎರಡನ್ನೂ ನೋಡಿಸಲಿ. ನ್ಯೂಟ್ರೋಫಿಲ್‌ಗಳ ತೊಂದರೆಗೆ ಅಲರ್ಜಿಯ ಚಿಕಿತ್ಸೆ ತಾಗುವುದಿಲ್ಲ. ಬೀಡಿ ಬಿಡುವುದು, ಹೊಗೆಯಿಲ್ಲದ ಒಲೆ ಎಲ್ಲಕ್ಕಿಂತ ಮೊದಲು.

ಗರ್ಭಿಣಿಯರು ಹೆದರಿ ಪಂಪು ನಿಲ್ಲಿಸುವುದು ತೀರಾ ಸಾಮಾನ್ಯ. ಅಮ್ಮನಿಗೆ ಉಸಿರು ಸಾಲದಿದ್ದರೆ ಮಗುವಿಗೂ ಆಮ್ಲಜನಕ ಸಾಲದು. ಬುಡೆಸೊನೈಡ್ ಪಂಪನ್ನು ಗರ್ಭಿಣಿಯರು ದಶಕಗಳಿಂದ ಬಳಸಿದ ಅನುಭವವಿದೆ, ಮುಂದುವರಿಸಿ. ಅಲರ್ಜಿ ಇಂಜೆಕ್ಷನ್ ಅನ್ನು ಈ ಸಮಯದಲ್ಲಿ ಹೊಸದಾಗಿ ಶುರು ಮಾಡುವುದಿಲ್ಲ.

ಡಾಕ್ಟರ ಹತ್ತಿರ ಹೋಗುವಾಗ ಹಳೇ ಎಇಸಿ ರಿಪೋರ್ಟುಗಳು, ಕಳೆದ ಒಂದು ವರ್ಷದಲ್ಲಿ ಎಷ್ಟು ಸಲ ಸ್ಟೀರಾಯ್ಡ್ ಮಾತ್ರೆ ಅಥವಾ ಇಂಜೆಕ್ಷನ್ ಬೇಕಾಯಿತು, ಎಷ್ಟು ನೀಲಿ ಡಬ್ಬಿ ಮುಗಿಯಿತು ಎಂಬ ಲೆಕ್ಕ, ಮತ್ತು ನೀವು ಬಳಸುವ ಪಂಪು ಜೊತೆಗಿರಲಿ. ಇಷ್ಟಿದ್ದರೆ ಯಾವ ಆಯ್ಕೆ ಎಂಬ ಮಾತು ಹತ್ತು ನಿಮಿಷದಲ್ಲಿ ಒಂದು ಹದಕ್ಕೆ ಬರುತ್ತದೆ. ಆದರೆ ಒಂದು ವಾಕ್ಯ ಪೂರ್ತಿ ಹೇಳಲಾಗದಷ್ಟು ಏದುಸಿರು, ತುಟಿ ನೀಲಿಯಾಗುವುದು, ಪಂಪು ತಗೊಂಡರೂ ಎದೆ ಸಡಿಲವಾಗದಿರುವುದು ಇವುಗಳಲ್ಲಿ ಯಾವುದು ಕಂಡರೂ ಹೋಲಿಕೆ ಮಾಡುತ್ತ ಕೂರಬೇಡಿ. ಪಂಪನ್ನು ಸ್ಪೇಸರ್‌ನಲ್ಲಿ ಕೊಡುತ್ತಲೇ 108ಕ್ಕೆ ಫೋನ್ ಮಾಡಿ.